ಅಸ್ಸಿಸಿಯ ಸಂತ ಫ್ರಾನ್ಸಿಸನು: ಕೈಕೊಂಡ ಕಷ್ಟ, ಬಂದೊದಗಿದ ಕಷ್ಟ

ವ್ರತನಿಯಮಗಳನ್ನು ಕೈಕೊಳ್ಳುವವನು ತನ್ನ ಕಷ್ಟವನ್ನು ತಾನೇ ಆರಿಸಿಕೊಂಡಿರುತ್ತಾನೆ. ಯಾವ ತಿಥಿಯಲ್ಲಿ ಉಪವಾಸ, ಎಷ್ಟು ಹೊತ್ತಿಗೆ ಪಾರಣೆ, ಯಾವ ರಸದ ತ್ಯಾಗ ಎಂಬುದೆಲ್ಲವೂ ಅವನಿಗೆ ಮೊದಲೇ ತಿಳಿದಿರುತ್ತದೆ. ರೋಗವಾದರೋ ತಿಥಿವಾರ ನೋಡಿ ಬರುವುದಿಲ್ಲ. ಕೈಯಾರೆ ಕಟ್ಟಿದ ಕಾರ್ಯವು ಕಣ್ಣೆದುರಿಗೇ ಬೇರೆ ದಾರಿ ಹಿಡಿದಾಗ ಆಗುವ ನೋವಿಗೆ ಪಾರಣೆಯ ವೇಳೆ ಎಂಬುದೇ ಇಲ್ಲ. ಈ ಎರಡು ಬಗೆಯ ಕಷ್ಟಗಳೂ ಒಂದೇ ಜೀವನದಲ್ಲಿ ಒಂದರ ಹಿಂದೆ ಒಂದಾಗಿ ಬಂದುದನ್ನು ಕ್ರೈಸ್ತ ಸಂತರಲ್ಲಿ ಅಗ್ರಗಣ್ಯನಾದ ಅಸ್ಸಿಸಿಯ ಫ್ರಾನ್ಸಿಸನ ಚರಿತ್ರೆಯಲ್ಲಿ ಕಾಣಬಹುದು. ಆತನು ಬದುಕಿದ್ದು ನಾಲ್ವತ್ತೈದು ವರ್ಷಗಳ ಆಸುಪಾಸು. ಅದರಲ್ಲಿ ಸುಮಾರು ಹದಿನಾಲ್ಕು ವರ್ಷ ತಾನಾಗಿ ಕೈಕೊಂಡ ಕಷ್ಟವನ್ನು ನಲಿವಿನಿಂದ ಸಹಿಸಿದನು. ಕಡೆಯ ಆರು ವರ್ಷ ತಾನು ಬಯಸದ ಕಷ್ಟವು ಆತನನ್ನು ಪರೀಕ್ಷಿಸಿತು. ಆತನ ಸಂತತ್ವವು ಪೂರ್ಣವಾದದ್ದು ಈ ಎರಡನೆಯ ಅವಧಿಯಲ್ಲಿ.

ಇಟಲಿ ದೇಶದ ನಡುಭಾಗದಲ್ಲಿ ಉಂಬ್ರಿಯಾ ಎಂಬ ಗುಡ್ಡಗಾಡಿನ ಪ್ರಾಂತವಿದೆ. ಅಲ್ಲಿ ಸುಬಾಸಿಯೊ ಬೆಟ್ಟದ ಇಳಿಜಾರಿನಲ್ಲಿರುವ ಅಸ್ಸಿಸಿ ಪಟ್ಟಣದಲ್ಲಿ 1181 ಅಥವಾ 1182ರಲ್ಲಿ ಈತನು ಜನಿಸಿದನು. ತಂದೆ ಪಿಯೆತ್ರೊ ಬೆರ್ನಾರ್ದೊನೆ ಅನುಕೂಲವಂತನಾದ ಜವಳಿ ವರ್ತಕ, ತಾಯಿ ಪೀಕಾ. ಮಗು ಹುಟ್ಟಿದಾಗ ತಂದೆಯು ವ್ಯಾಪಾರಕ್ಕಾಗಿ ಫ್ರಾನ್ಸ್ ದೇಶಕ್ಕೆ ಹೋಗಿದ್ದನು. ತಾಯಿಯು ಮಗುವಿಗೆ ಜೊವಾನ್ನಿ ಎಂದು ಹೆಸರಿಡಿಸಿದ್ದಳು. ಹಿಂದಿರುಗಿದ ತಂದೆಯು ಅದನ್ನು ಬದಲಿಸಿ ಫ್ರಾಂಚೆಸ್ಕೊ ಎಂದು ಕರೆದನು. ಆ ಹೆಸರೇ ಮುಂದೆ ಫ್ರಾನ್ಸಿಸ್ ಎಂದು ಲೋಕಪ್ರಸಿದ್ಧವಾಯಿತು.

ಯೌವನದಲ್ಲಿ ಫ್ರಾನ್ಸಿಸನಿಗೆ ಯಾವ ವೈರಾಗ್ಯವೂ ಇರಲಿಲ್ಲ. ತಂದೆಯ ಅಂಗಡಿಯಲ್ಲಿ ಬೆಲೆಯುಳ್ಳ ಬಟ್ಟೆಗಳನ್ನು ಅಳೆದು ಮಾರುತ್ತಿದ್ದನು. ಬಂದ ಹಣವನ್ನು ಗೆಳೆಯರ ಕೂಟದಲ್ಲಿ ಊಟೋಪಚಾರ, ಹಾಡು ಹಸೆಗಳಿಗೆ ಚೆಲ್ಲುತ್ತಿದ್ದನು. ವೀರಯೋಧನಾಗಿ ಕೀರ್ತಿ ಪಡೆಯಬೇಕೆಂಬುದು ಆತನ ಹಂಬಲ. 1202ರಲ್ಲಿ ನೆರೆಯ ಪೆರೂಜಿಯಾ ಪಟ್ಟಣದೊಡನೆ ಅಸ್ಸಿಸಿಯವರಿಗೆ ಕಾಳಗವಾಯಿತು. ಅಸ್ಸಿಸಿಯವರು ಸೋತರು. ಫ್ರಾನ್ಸಿಸನು ಸೆರೆ ಸಿಕ್ಕಿ ಸುಮಾರು ಒಂದು ವರ್ಷ ಪೆರೂಜಿಯಾದ ಬಂದೀಖಾನೆಯಲ್ಲಿ ಕಳೆದನು. ಬಿಡುಗಡೆಯಾಗಿ ಬಂದ ಮೇಲೆ ದೀರ್ಘಕಾಲ ಕಾಯಿಲೆ ಬಿದ್ದನು. ಎದ್ದು ಕೋಲೂರಿಕೊಂಡು ಹೊರಗೆ ಬಂದು ನೋಡಿದಾಗ, ಮೊದಲು ಮನಸ್ಸನ್ನು ಸೆಳೆಯುತ್ತಿದ್ದ ಹೊಲ ತೋಟಗಳಲ್ಲಿ ಯಾವ ಸೊಗಸೂ ಕಾಣಲಿಲ್ಲವಂತೆ. ಆದರೂ ಕೀರ್ತಿಯ ಆಸೆ ಅಳಿದಿರಲಿಲ್ಲ. 1205ರ ಸುಮಾರಿಗೆ ದಕ್ಷಿಣದ ಅಪೂಲಿಯಾ ಪ್ರಾಂತದ ಯುದ್ಧಕ್ಕೆಂದು ಕುದುರೆಯೇರಿ ಹೊರಟನು. ಸ್ಪೊಲೆತೊ ಎಂಬ ಊರಿನವರೆಗೆ ಹೋಗಿ, ಒಳದನಿಯೊಂದರ ಪ್ರೇರಣೆಯಿಂದ ಹಿಂದಿರುಗಿದನು.

ಆತನ ಜೀವನವು ತಿರುಗಿದ್ದು ಒಬ್ಬ ಕುಷ್ಠರೋಗಿಯ ಮುಂದೆ. ಆ ಕಾಲದ ಯೂರೋಪಿನಲ್ಲಿ ಕುಷ್ಠರೋಗಿಗಳನ್ನು ಊರ ಹೊರಗೆ ಇರಿಸುತ್ತಿದ್ದರು. ಫ್ರಾನ್ಸಿಸನಿಗೆ ಅವರನ್ನು ಕಂಡರೆ ವಿಪರೀತ ಹೇಸಿಗೆ. ದೂರದಿಂದಲೇ ಮೂಗು ಮುಚ್ಚಿಕೊಳ್ಳುತ್ತಿದ್ದನು. ಒಂದು ದಿನ ಅಸ್ಸಿಸಿಯ ಬಯಲಿನಲ್ಲಿ ಸವಾರಿ ಹೋಗುತ್ತಿರುವಾಗ ಒಬ್ಬ ರೋಗಿಯು ಎದುರಾದನು. ಕುದುರೆಯನ್ನು ಹಿಂದಿರುಗಿಸಬೇಕೆಂಬ ಮನಸ್ಸನ್ನು ಗೆದ್ದು ಕೆಳಗಿಳಿದನು. ರೋಗಿಯ ಕೈಗೆ ನಾಣ್ಯವನ್ನಿತ್ತು ಆ ಕೈಯನ್ನು ಚುಂಬಿಸಿದನು. ಕೆಲವು ದಿನಗಳ ಮೇಲೆ ತಾನಾಗಿಯೇ ರೋಗಿಗಳ ವಸತಿಗೆ ಹೋಗಿ ಅವರ ಹುಣ್ಣುಗಳನ್ನು ತೊಳೆಯತೊಡಗಿದನು. ಇಪ್ಪತ್ತು ವರ್ಷಗಳ ತರುವಾಯ ಮರಣದ ಹೊಸ್ತಿಲಲ್ಲಿ ತನ್ನ ಕಡೆಯ ಒಡಂಬಡಿಕೆಯನ್ನು ಬರೆಯಿಸಿದಾಗ, ತನ್ನ ಧಾರ್ಮಿಕ ಜೀವನದ ಆರಂಭವನ್ನು ಆತನು ಎಣಿಸಿದ್ದು ಈ ಘಟನೆಯಿಂದಲೇ. ಕಹಿಯಾಗಿದ್ದುದು ಸಿಹಿಯಾಯಿತೆಂದು ಅಲ್ಲಿ ಹೇಳಿಕೊಂಡಿದ್ದಾನೆ. ತನ್ನ ಶರೀರಕ್ಕೆ ನೋವುಂಟುಮಾಡಿಕೊಳ್ಳುವುದಕ್ಕೆ ಮೊದಲೇ ಪರರ ನೋವಿನ ಹತ್ತಿರ ಹೋಗಿ ನಿಂತನೆಂಬುದನ್ನು ಇಲ್ಲಿ ಗಮನಿಸಬೇಕು.

ಊರ ಹೊರಗೆ ಸಾನ್ ದಾಮಿಯಾನೊ ಎಂಬ ಶಿಥಿಲವಾದ ಚಿಕ್ಕ ದೇವಾಲಯವಿತ್ತು. ಅಲ್ಲಿ ಪ್ರಾರ್ಥಿಸುತ್ತಿದ್ದಾಗ ಶಿಲುಬೆಯ ಚಿತ್ರವು ತನಗೆ ಆ ಮಂದಿರವನ್ನು ಜೀರ್ಣೋದ್ಧಾರ ಮಾಡುವಂತೆ ಆಜ್ಞಾಪಿಸಿತೆಂದು ಆತನು ತಿಳಿದನು. ಅಂಗಡಿಯ ಬಟ್ಟೆಯನ್ನೂ ಕುದುರೆಯನ್ನೂ ಫೊಲಿನ್ಯೊ ಪಟ್ಟಣದಲ್ಲಿ ಮಾರಿ ಹಣವನ್ನು ಅಲ್ಲಿನ ಪಾದ್ರಿಗೆ ತಂದುಕೊಟ್ಟನು. ಪಾದ್ರಿಯು ಮುಟ್ಟಲಿಲ್ಲ. ತಂದೆಯು ಕೋಪಗೊಂಡು ಮಗನನ್ನು ಮನೆಯಲ್ಲಿ ಕೂಡಿಹಾಕಿದನು; ಕಡೆಗೆ ಬಿಷಪ್ಪರ ಮುಂದೆ ವ್ಯಾಜ್ಯ ಹೂಡಿದನು. ಬಟ್ಟೆಯು ತಂದೆಯದೇ ಆಗಿದ್ದುದರಿಂದ ಹಣವನ್ನು ಹಿಂದಕ್ಕೆ ಕೊಡಬೇಕೆಂದು ಬಿಷಪ್ ಗ್ವಿದೊ ಹೇಳಿದ್ದು ನ್ಯಾಯವೇ ಸರಿ. ಫ್ರಾನ್ಸಿಸನು ಹಣವನ್ನಷ್ಟೇ ಕೊಟ್ಟು ಸುಮ್ಮನಾಗಲಿಲ್ಲ. ಉಟ್ಟ ಬಟ್ಟೆಗಳನ್ನೆಲ್ಲ ಕಳಚಿ ತಂದೆಯ ಮುಂದಿಟ್ಟು, ನೆರೆದ ಜನರೆದುರಿಗೆ ದಿಗಂಬರನಾಗಿ ನಿಂತನು. ಇನ್ನು ಮೇಲೆ ಪರಲೋಕದ ತಂದೆಯೊಬ್ಬನೇ ತನ್ನ ತಂದೆಯೆಂದು ಸಾರಿದನು. ಬಿಷಪ್ಪನು ತನ್ನ ನಿಲುವಂಗಿಯಿಂದ ಆತನನ್ನು ಮುಚ್ಚಿದನು. ಇದು ನಡೆದದ್ದು 1206ರಲ್ಲಿ. ತಂದೆ ಮಗನಿಗೆ ಮತ್ತೆ ಸಮಾಧಾನವಾದ ಸುದ್ದಿಯನ್ನು ಯಾವ ಚರಿತ್ರಕಾರನೂ ಬರೆದಿಲ್ಲ.

ಎರಡು ವರ್ಷಗಳ ಮೇಲೆ, ಬೆಟ್ಟದ ಕೆಳಗಿನ ಪೊರ್ಸಿಯುಂಕುಲಾ ಎಂಬ ಪುಟ್ಟ ದೇವಾಲಯದಲ್ಲಿ ಸುವಾರ್ತೆಯ ಒಂದು ಭಾಗವನ್ನು ಓದುವುದು ಆತನ ಕಿವಿಗೆ ಬಿತ್ತು. ಏಸುವು ತನ್ನ ಶಿಷ್ಯರನ್ನು ಹೊನ್ನು, ಬೆಳ್ಳಿ, ಜೋಳಿಗೆ, ಎರಡನೆಯ ಅಂಗಿ ಯಾವುದನ್ನೂ ಒಯ್ಯದೆ ಧರ್ಮಪ್ರಸಾರಕ್ಕೆ ಹೋಗಿರೆಂದು ಕಳುಹಿಸಿದ ಪ್ರಸಂಗವದು. ಫ್ರಾನ್ಸಿಸನು ಆ ಕ್ಷಣದಲ್ಲಿಯೇ ಪಾದರಕ್ಷೆಗಳನ್ನು ಬಿಟ್ಟನು, ಕೋಲನ್ನು ಬಿಟ್ಟನು, ಸೊಂಟದ ಪಟ್ಟಿಯನ್ನು ತೆಗೆದು ಹಗ್ಗವನ್ನು ಕಟ್ಟಿಕೊಂಡನು. ಊರಿನ ಸಿರಿವಂತನಾದ ಬೆರ್ನಾರ್ದೊನು ತನ್ನ ಸರ್ವಸ್ವವನ್ನೂ ಬಡವರಿಗೆ ಹಂಚಿ ಆತನನ್ನು ಸೇರಿದನು. ಮತ್ತೆ ಹಲವರು ಬಂದರು. ಹನ್ನೆರಡು ಮಂದಿಯಾದಾಗ ರೋಮಿಗೆ ಹೋಗಿ, 1209ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟನಿಂದ ತಮ್ಮ ಜೀವನಕ್ರಮಕ್ಕೆ ಬಾಯಿಮಾತಿನ ಅನುಮತಿಯನ್ನು ಪಡೆದರು. ಸ್ವಂತಕ್ಕಾಗಲಿ ಸಂಘಕ್ಕಾಗಲಿ ಯಾವ ಆಸ್ತಿಯೂ ಇಲ್ಲ. ಹಣವನ್ನು ಕೈಯಿಂದ ಮುಟ್ಟುವಂತಿಲ್ಲ. ಕೂಲಿ ಮಾಡಿ ಉಣ್ಣಬೇಕು, ಕೂಲಿ ದೊರೆಯದಿದ್ದರೆ ಬೇಡಿ ಉಣ್ಣಬೇಕು. ತಮ್ಮನ್ನು ಕಿರಿಯ ಸೋದರರೆಂದು ಕರೆದುಕೊಂಡರು. ಕೆಲ ವರ್ಷಗಳಲ್ಲಿ ಅಸ್ಸಿಸಿಯ ಕುಲೀನ ಮನೆತನದ ಕ್ಲಾರಾ ಎಂಬ ತರುಣಿಯು ಇದೇ ದಾರಿಯನ್ನು ಹಿಡಿದು, ಸಾನ್ ದಾಮಿಯಾನೊದಲ್ಲಿ ಸನ್ಯಾಸಿನಿಯರ ಸಂಘವನ್ನು ನೆಲೆಗೊಳಿಸಿದಳು.

ಉಪವಾಸದ ವಿಷಯದಲ್ಲಿ ಫ್ರಾನ್ಸಿಸನ ನಡತೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ. ಸಂಘಕ್ಕೆ ಆತನು 1223ರಲ್ಲಿ ಬರೆದುಕೊಟ್ಟ ಅಂತಿಮ ನಿಯಮದ ಪ್ರಕಾರ, ನವೆಂಬರ್ 1ರ ಸಕಲ ಸಂತರ ಹಬ್ಬದಿಂದ ಕ್ರಿಸ್ತಜಯಂತಿಯವರೆಗೆ ಉಪವಾಸ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ ಉಪವಾಸ. ಪ್ರತಿ ಶುಕ್ರವಾರ ಉಪವಾಸ. ಜನವರಿ 6ರ ಹಬ್ಬದಿಂದ ನಾಲ್ವತ್ತು ದಿನಗಳ ಮತ್ತೊಂದು ಉಪವಾಸವನ್ನು ಇಷ್ಟವಿದ್ದವರು ಹಿಡಿಯಬಹುದು, ಹಿಡಿಯದವರಿಗೆ ದೋಷವಿಲ್ಲ. ಸ್ಪಷ್ಟವಾದ ಅಗತ್ಯವಿದ್ದಾಗ ಶರೀರೋಪವಾಸದ ಕಟ್ಟು ಯಾರಿಗೂ ಇಲ್ಲವೆಂದೂ ಅದೇ ನಿಯಮದಲ್ಲಿದೆ. ಆತನು ಸ್ವತಃ ಇವುಗಳಿಗಿಂತ ಹೆಚ್ಚಿನ ಉಪವಾಸಗಳನ್ನು ಹಿಡಿಯುತ್ತಿದ್ದನು. ಬೇಯಿಸಿದ ಆಹಾರವು ರುಚಿಯಾಗಿ ಕಂಡರೆ ಬೂದಿಯನ್ನೋ ತಣ್ಣೀರನ್ನೋ ಬೆರೆಸಿ ರುಚಿಯನ್ನು ಕೆಡಿಸಿ ಉಣ್ಣುತ್ತಿದ್ದನು. ತ್ರಾಸಿಮೆನೊ ಸರೋವರದ ನಡುಗಡ್ಡೆಯಲ್ಲಿ ಒಂದು ತಪಸ್ಸು ಕಾಲವನ್ನು ಕಳೆದ ಕಥೆಯು ಹದಿನಾಲ್ಕನೆಯ ಶತಮಾನದ ಸಂಗ್ರಹವೊಂದರಲ್ಲಿದೆ. ಎರಡು ಸಣ್ಣ ರೊಟ್ಟಿಗಳೊಡನೆ ಹೋದವನು ನಾಲ್ವತ್ತು ದಿನಗಳ ತರುವಾಯ ಬರುವಾಗ ಒಂದೂವರೆ ರೊಟ್ಟಿ ಉಳಿದಿತ್ತಂತೆ. ಆ ಅರ್ಧ ರೊಟ್ಟಿಯನ್ನು ತಿಂದದ್ದು ಹಸಿವಿಗೆ ಸೋತು ಅಲ್ಲ, ಏಸುವು ಅರಣ್ಯದಲ್ಲಿ ಮಾಡಿದ ಸಂಪೂರ್ಣ ಉಪವಾಸಕ್ಕೆ ತಾನು ಸರಿದೊರೆಯಾದೆನೆಂಬ ಅಹಂಕಾರ ಬಾರದಿರಲೆಂದು. ಕಥೆಯಲ್ಲಿ ಉತ್ಪ್ರೇಕ್ಷೆಯಿದ್ದರೂ ಇರಬಹುದು. ಉಪವಾಸದಿಂದ ಹುಟ್ಟುವ ಗರ್ವಕ್ಕೆ ಆತನು ಎಷ್ಟು ಅಂಜುತ್ತಿದ್ದನೆಂಬುದು ಮಾತ್ರ ಅದರಲ್ಲಿ ಚೆನ್ನಾಗಿ ಉಳಿದುಬಂದಿದೆ.

ಒಮ್ಮೆ ಕಾಯಿಲೆಯಲ್ಲಿ ಕೋಳಿಯ ಮಾಂಸವನ್ನು ಸ್ವಲ್ಪ ತಿಂದಿದ್ದನು. ನಮ್ಮ ಮನೆತನಗಳಲ್ಲಿ ಇದನ್ನು ಓದುವವರಿಗೆ ಮುಜುಗರವಾದೀತು. ಆದರೆ ಆ ನಾಡಿನ ಕ್ರೈಸ್ತರಲ್ಲಿ ಮಾಂಸವರ್ಜನವು ಉಪವಾಸದ ದಿನಗಳಿಗಷ್ಟೇ ಮೀಸಲು, ಆತನ ವ್ರತದಲ್ಲಿ ಸರ್ವಕಾಲದ ವರ್ಜನ ಇರಲಿಲ್ಲ. ಶಕ್ತಿ ಬಂದ ಮೇಲೆ, ಕೊರಳಿಗೆ ಹಗ್ಗ ಕಟ್ಟಿಸಿಕೊಂಡು ಕಳ್ಳನನ್ನು ಎಳೆಯುವಂತೆ ತನ್ನನ್ನು ಅಸ್ಸಿಸಿಯ ಬೀದಿಗಳಲ್ಲಿ ಎಳೆಯಿಸಿಕೊಂಡನು. ಜನರು ಪೂಜಿಸುವ ಈ ತಪಸ್ವಿಯು ಗುಟ್ಟಾಗಿ ಏನು ತಿಂದನೆಂಬುದನ್ನು ಕೂಗಿ ಹೇಳಿಸಿದನು. ಹೊರಗಿನ ಗೌರವಕ್ಕೂ ಒಳಗಿನ ನಡತೆಗೂ ಎಳ್ಳಷ್ಟು ಅಂತರವನ್ನು ಆತನು ಸಹಿಸುತ್ತಿರಲಿಲ್ಲ.

ತನಗೆ ಇಷ್ಟು ಕಠಿಣನಾದವನು ಪರರಿಗೆ ಹಾಗಿರಲಿಲ್ಲ. ಆರಂಭದ ದಿನಗಳಲ್ಲಿ ಸೋದರರೆಲ್ಲ ರಿವೊತೊರ್ತೊ ಎಂಬಲ್ಲಿ ಇಕ್ಕಟ್ಟಾದ ಗುಡಿಸಿಲಿನಲ್ಲಿದ್ದರು. ಒಂದು ನಡುರಾತ್ರಿ ಸೋದರನೊಬ್ಬನು ಹಸಿವಿನಿಂದ ಸಾಯುತ್ತಿದ್ದೇನೆಂದು ಕೂಗಿಕೊಂಡನು. ಫ್ರಾನ್ಸಿಸನು ದೀಪ ಹಚ್ಚಿಸಿ ಇದ್ದ ಆಹಾರವನ್ನು ಬಡಿಸಿಸಿದನು. ಒಬ್ಬನೇ ಉಣ್ಣುವ ನಾಚಿಕೆ ಅವನಿಗಾಗಬಾರದೆಂದು ತಾನೂ ಕುಳಿತು ಉಂಡನು, ಉಳಿದವರನ್ನೂ ಉಣ್ಣಲು ಕುಳ್ಳಿರಿಸಿದನು. ಬಳಿಕ, ಪ್ರತಿಯೊಬ್ಬನೂ ತನ್ನ ತನ್ನ ಶರೀರದ ಶಕ್ತಿಯನ್ನು ಅರಿತು ನಡೆಯಬೇಕು, ಬಲಿಷ್ಠನನ್ನು ನೋಡಿ ದುರ್ಬಲನು ಅನುಕರಿಸಬಾರದು ಎಂದು ತಿಳಿಹೇಳಿದನು. ಕೆಲವು ಸೋದರರು ಮೈಗೆ ಕಬ್ಬಿಣದ ಪಟ್ಟಿಗಳನ್ನು ಬಿಗಿದುಕೊಂಡಿದ್ದರೆಂದು ತಿಳಿದಾಗ ಅವುಗಳನ್ನು ಬಿಚ್ಚಿಸಿದನೆಂದೂ ಕಥೆಯಿದೆ. ದಾರಿಯಲ್ಲಿ ಹರಿದಾಡುವ ಹುಳುವನ್ನು ಕಂಡರೆ ಕಾಲ್ತುಳಿತಕ್ಕೆ ಸಿಕ್ಕೀತೆಂದು ಎತ್ತಿ ಪಕ್ಕದಲ್ಲಿ ಬಿಡುತ್ತಿದ್ದವನು, ಚಳಿಗಾಲದಲ್ಲಿ ಜೇನುಹುಳುಗಳು ಸಾಯದಿರಲೆಂದು ಅವುಗಳಿಗೆ ಆಹಾರವನ್ನಿಡಿಸುತ್ತಿದ್ದವನು, ಸೋದರರ ನೋವನ್ನು ಕಂಡು ಸುಮ್ಮನಿರುವುದು ಹೇಗೆ?

ಹಾಗಾದರೆ ಕ್ರೈಸ್ತ ಸಾಧಕರು ಕಷ್ಟವನ್ನು ಏತಕ್ಕೆ ಸ್ವಾಗತಿಸುತ್ತಾರೆ? ಅವರ ನಂಬಿಕೆಯಲ್ಲಿ ಏಸುಕ್ರಿಸ್ತನು ಮನುಷ್ಯರ ಮೇಲಣ ಪ್ರೀತಿಯಿಂದ ಶಿಲುಬೆಯ ಮರಣವನ್ನು ಒಪ್ಪಿಕೊಂಡ ದೇವಪುತ್ರನು. ತನ್ನನ್ನು ಹಿಂಬಾಲಿಸುವವನು ದಿನದಿನವೂ ತನ್ನ ಶಿಲುಬೆಯನ್ನು ಹೊತ್ತು ಬರಬೇಕೆಂದು ಆತನು ಬೋಧಿಸಿದ್ದನು. ಆದುದರಿಂದ ನೋವೆಂಬುದು ತನ್ನಷ್ಟಕ್ಕೆ ಒಳ್ಳೆಯದೆಂದು ಅವರು ಹೇಳುವುದಿಲ್ಲ. ರೋಗಕ್ಕೆ ಔಷಧವನ್ನು ಮಾಡುತ್ತಾರೆ, ರೋಗಿಗಳಿಗೆ ಆಶ್ರಯವನ್ನು ಕಟ್ಟುತ್ತಾರೆ. ತಪ್ಪಿಸಲಾಗದೆ ಉಳಿದ ನೋವನ್ನು ಗೊಣಗದೆ ಸಹಿಸಿದರೆ ಕ್ರಿಸ್ತನ ನೋವಿನಲ್ಲಿ ಭಾಗಿಯಾದಂತಾಗುತ್ತದೆ, ಆ ಮೂಲಕ ಆತನ ಪ್ರೀತಿಯಲ್ಲಿಯೂ ಭಾಗಿಯಾದಂತಾಗುತ್ತದೆ ಎಂಬುದು ಅವರ ಭಾವ. ಇಪ್ಪತ್ತೆರಡು ಪರೀಷಹಗಳ ಹೆಸರನ್ನು ಬಲ್ಲ ವಾಚಕರಿಗೆ ಕ್ಷುಧೆ, ಶೀತ, ಆಕ್ರೋಶ, ರೋಗ ಎಂಬವು ಈ ಚರಿತ್ರೆಯಲ್ಲಿ ಒಂದೊಂದಾಗಿ ಕಣ್ಣಿಗೆ ಬೀಳದಿರವು. ಆದರೆ ಫ್ರಾನ್ಸಿಸನು ಸಹಿಸಿದ್ದು ಕರ್ಮನಿರ್ಜರೆಯ ದೃಷ್ಟಿಯಿಂದಲ್ಲ. ಶಿಲುಬೆಯ ಮೇಲಿದ್ದವನ ಜೊತೆಗಿರಬೇಕೆಂಬ ಹಂಬಲದಿಂದ. ಎರಡನ್ನೂ ಒಂದೇ ಎಂದು ಕಲಸಿಬಿಡುವುದು ಎರಡು ಧರ್ಮಗಳಿಗೂ ನ್ಯಾಯವಾಗದು.

1219ರಲ್ಲಿ ಫ್ರಾನ್ಸಿಸನು ಕಡಲನ್ನು ದಾಟಿ ಈಜಿಪ್ಟಿಗೆ ಹೋದನು. ಆಗ ದಮಿಯೆತ್ತಾ ನಗರದ ಸುತ್ತ ಕ್ರೈಸ್ತರಿಗೂ ಮುಸಲ್ಮಾನರಿಗೂ ಧರ್ಮಯುದ್ಧ ನಡೆದಿತ್ತು. ಆತನು ನಿರಾಯುಧನಾಗಿ ಶತ್ರುಪಾಳೆಯಕ್ಕೆ ಹೋಗಿ ಸುಲ್ತಾನ ಅಲ್-ಕಾಮಿಲನನ್ನು ಕಂಡು ಮಾತನಾಡಿ, ಕೂದಲು ಕೊಂಕದೆ ಹಿಂದಿರುಗಿದನು. ಕೊಂಕಿದ್ದು ಕಣ್ಣುಗಳು. ಕಡೆಯವರೆಗೂ ಬಿಡದ ನೇತ್ರವ್ಯಾಧಿಯು ಆತನಿಗೆ ಆ ಪ್ರದೇಶದಲ್ಲಿಯೇ ತಗಲಿತೆಂದು ಚರಿತ್ರಕಾರರು ಭಾವಿಸುತ್ತಾರೆ. ಇನ್ನೊಂದು ಪೆಟ್ಟು ಊರ ಕಡೆಯಿಂದ ಬಂತು. ಆತನು ಇಲ್ಲದಿರುವಾಗ ಸಂಘವನ್ನು ನೋಡಿಕೊಳ್ಳುತ್ತಿದ್ದ ಇಬ್ಬರು ಪ್ರತಿನಿಧಿಗಳು ಉಪವಾಸದ ಕಟ್ಟಳೆಗಳನ್ನು ತಾವಾಗಿ ಬಿಗಿಗೊಳಿಸಿದ್ದರು. ಬಲ್ಲವರಿಗೆ ಇದು ವಿಚಿತ್ರವಾಗಿ ತೋರಬಹುದು: ಉಪವಾಸವನ್ನು ಹೆಚ್ಚಿಸಿದರೆ ಆತನು ಸಂತೋಷಪಡಬೇಕಲ್ಲವೇ? ಆದರೆ ಸುವಾರ್ತೆಯ ಸರಳ ದಾರಿಯಲ್ಲಿ ನಡೆಯುವ ಸೋದರರು, ಇತರ ಮಠಗಳಂತೆ ಕಟ್ಟಳೆಗಳ ಪಟ್ಟಿಯಿಂದ ಗುರುತಿಸಿಕೊಳ್ಳುವುದು ಆತನಿಗೆ ಸಮ್ಮತವಿರಲಿಲ್ಲ. ಸುದ್ದಿ ಮುಟ್ಟಿದೊಡನೆ ಹಿಂದಿರುಗಿದನು.

ಬಂದು ನೋಡಿದರೆ ಸಂಘವು ಆತನ ಅಳತೆಯನ್ನು ಮೀರಿ ಬೆಳೆದಿತ್ತು. ಸಾವಿರಾರು ಸೋದರರು; ಅವರಲ್ಲಿ ವಿದ್ವಾಂಸರಿದ್ದರು, ಪುಸ್ತಕ ಬೇಕೆನ್ನುವವರಿದ್ದರು, ಕಲ್ಲಿನ ಮನೆ ಬೇಕೆನ್ನುವವರಿದ್ದರು. ಅಸ್ಸಿಸಿಯ ಪುರಸಭೆಯವರು ಪೊರ್ಸಿಯುಂಕುಲಾದಲ್ಲಿ ಸೋದರರ ವಾರ್ಷಿಕ ಸಭೆಗೆಂದು ದೊಡ್ಡ ಮನೆಯೊಂದನ್ನು ಕಟ್ಟಿಸಿಕೊಟ್ಟಿದ್ದರು. ಫ್ರಾನ್ಸಿಸನು ಮಾಡನ್ನು ಹತ್ತಿ ಹೆಂಚುಗಳನ್ನು ಕಿತ್ತೆಸೆಯತೊಡಗಿದನು. ಮನೆಯು ಊರಿನದು, ಸೋದರರದಲ್ಲ ಎಂದು ಅಧಿಕಾರಿಗಳು ಕೂಗಿ ಹೇಳಿದಾಗ ಕೈ ನಿಂತಿತು, ಮಾತಾಡದೆ ಕೆಳಗಿಳಿದನು. ಪರರ ವಸ್ತುವನ್ನು ಕೆಡಿಸಲು ತನಗೆ ಹಕ್ಕಿಲ್ಲವೆಂಬುದನ್ನು ಬಲ್ಲನು, ತನ್ನವರು ಅಲ್ಲಿ ನೆಲೆಸುವುದನ್ನು ತಡೆಯಲಾರದವನಾದನು. 1220ರಲ್ಲಿ ಸಂಘದ ಆಡಳಿತವನ್ನು ಬಿಟ್ಟುಕೊಟ್ಟು ಪಿಯೆತ್ರೊ ಕತ್ತಾನಿ ಎಂಬ ಸೋದರನಿಗೆ ವಿಧೇಯನಾಗಿ ನಿಂತನು. ಅವನು ಮರುವರ್ಷವೇ ತೀರಿಕೊಳ್ಳಲು ಎಲಿಯಾಸನು ಅಧಿಕಾರಕ್ಕೆ ಬಂದನು. ಫ್ರಾನ್ಸಿಸನು 1221ರಲ್ಲಿ ಬರೆದ ದೀರ್ಘವಾದ ನಿಯಮವು ಸ್ವೀಕೃತವಾಗಲಿಲ್ಲ. ಚಿಕ್ಕದಾಗಿ ತಿದ್ದಿ ಬರೆದುದನ್ನು 1223ರ ನವೆಂಬರ್ 29ರಂದು ಪೋಪ್ ಮೂರನೆಯ ಹೊನೋರಿಯಸನು ಅಂಗೀಕರಿಸಿದನು.

ಹಸಿವು ಚಳಿಗಳನ್ನು ಗೆದ್ದವನಿಗೆ ಇದು ಗೆಲ್ಲಲಸಾಧ್ಯವಾದ ನೋವಾಯಿತು. ಸುಮಾರು ಎರಡು ವರ್ಷಗಳಿಗೂ ಮಿಕ್ಕಿ ಮನಸ್ಸಿನ ಗಾಢವಾದ ವ್ಯಥೆಯು ಆತನನ್ನು ಕಾಡಿತೆಂದು ಸಂಗಡಿಗರು ಬರೆದಿಟ್ಟಿದ್ದಾರೆ. ಎಂದಿನ ನಗುಮುಖವನ್ನು ತೋರಲಾರದೆ ಸೋದರರ ನಡುವಿನಿಂದ ದೂರ ಸರಿಯುತ್ತಿದ್ದನಂತೆ. ಆತನ ಮುಂದಿದ್ದ ದಾರಿಗಳು ಎರಡೇ. ತನ್ನ ಹೆಸರಿನ ಬಲದಿಂದ ಸಂಘವನ್ನು ಒಡೆದು, ತನಗೆ ಒಪ್ಪಿದ ಕೆಲವರೊಡನೆ ಹೊರಡಬಹುದಾಗಿತ್ತು. ಇಲ್ಲವೇ ಸಂಘದಲ್ಲಿಯೇ ಇದ್ದು, ಬಿಟ್ಟುಕೊಟ್ಟುದನ್ನು ನಿಜವಾಗಿಯೂ ಬಿಟ್ಟುಕೊಡಬೇಕಾಗಿತ್ತು. ಆಸ್ತಿಯನ್ನು ಬಿಟ್ಟವನಿಗೆ, ತಾನು ಕಟ್ಟಿದ್ದು ತನ್ನದೆಂಬ ಅಭಿಮಾನವನ್ನು ಬಿಡುವ ಪರಿಗ್ರಹತ್ಯಾಗವು ಇನ್ನೂ ಉಳಿದಿತ್ತು.

ಈ ಹಿನ್ನೆಲೆಯಲ್ಲಿ, ಆತನು ಸೋದರ ಲಿಯೊನಿಗೆ ನಿಜವಾದ ಆನಂದವೇನೆಂದು ಬರೆಯಿಸಿದ ದೃಷ್ಟಾಂತವನ್ನು ಓದಬೇಕು. ಪ್ಯಾರಿಸ್ಸಿನ ಪಂಡಿತರೆಲ್ಲ ಸಂಘವನ್ನು ಸೇರಿದರೆಂಬ ಸುದ್ದಿ ಬಂದರೂ ಅದು ನಿಜವಾದ ಆನಂದವಲ್ಲ. ಅರಸರೂ ಬಿಷಪ್ಪರೂ ಸೋದರರಾದರೂ ಅಲ್ಲ. ತನಗೆ ಪವಾಡ ಮಾಡುವ ಶಕ್ತಿ ಬಂದರೂ ಅಲ್ಲ. ಚಳಿಗಾಲದ ನಡುರಾತ್ರಿ, ಕೆಸರಿನಲ್ಲಿ ನಡೆದು ಪೊರ್ಸಿಯುಂಕುಲಾಕ್ಕೆ ಬಂದಿದ್ದಾನೆ, ಅಂಗಿಯ ಅಂಚಿಗೆ ಕಟ್ಟಿದ ಹಿಮದ ಹರಳುಗಳು ಕಾಲಿಗೆ ಬಡಿದು ರಕ್ತ ಸುರಿಯುತ್ತಿದೆ. ಬಹಳ ಹೊತ್ತು ಬಾಗಿಲು ತಟ್ಟಿದ ಮೇಲೆ ಸೋದರನೊಬ್ಬನು ಬಂದು, ಹೆಸರನ್ನು ಕೇಳಿಯೂ ಒಳಗೆ ಬಿಡುವುದಿಲ್ಲ. ನೀನು ಓದುಬರಹವಿಲ್ಲದ ಸಾಮಾನ್ಯನು, ನಾವೀಗ ಬಹಳ ಮಂದಿ ದೊಡ್ಡವರಿದ್ದೇವೆ, ನೀನು ನಮಗೆ ಬೇಕಿಲ್ಲ ಎಂದು ಅಟ್ಟುತ್ತಾನೆ. ಆಗ ಮನಸ್ಸು ಕದಡದೆ ತಾಳ್ಮೆ ಉಳಿದರೆ ಅದೇ ನಿಜವಾದ ಆನಂದ. ಬಾಗಿಲನ್ನು ಮುಚ್ಚುವವನು ಪರಕೀಯನಲ್ಲ, ತನ್ನ ಸಂಘದ ಸೋದರನೇ ಎಂಬಲ್ಲಿ ಈ ದೃಷ್ಟಾಂತದ ಮೊನೆಯಿದೆ. ಫ್ರಾನ್ಸಿಸನು ಊಹಿಸಿ ಹೇಳಿದ್ದು ರಾತ್ರಿಯ ಚಳಿಯನ್ನಷ್ಟೇ ಇರಬೇಕು, ಉಳಿದುದು ಅನುಭವಿಸಿದ್ದು.

1224ರ ಬೇಸಗೆಯ ಕೊನೆಯಲ್ಲಿ ಲಿಯೊ ಮೊದಲಾದ ಕೆಲವರೊಡನೆ ಲಾ ವೆರ್ನಾ ಎಂಬ ಕಾಡು ಬೆಟ್ಟಕ್ಕೆ ಹೋಗಿ, ಆಗಸ್ಟ್ 15ರ ಹಬ್ಬದಿಂದ ಸೆಪ್ಟೆಂಬರ್ 29ರ ಹಬ್ಬದವರೆಗಿನ ಉಪವಾಸವನ್ನು ಹಿಡಿದನು. ಸೆಪ್ಟೆಂಬರ್ 14ರ ಶಿಲುಬೆಯ ಹಬ್ಬದ ಸುಮಾರಿಗೆ ಆತನಿಗೆ ಶಿಲುಬೆಗೇರಿದ ದೇವದೂತನ ದರ್ಶನವಾಯಿತೆಂದೂ, ಅನಂತರ ಅಂಗೈ ಅಂಗಾಲುಗಳಲ್ಲಿ ಹಾಗೂ ಪಕ್ಕೆಯಲ್ಲಿ ಏಸುವಿನ ಪಂಚಗಾಯಗಳನ್ನು ಹೋಲುವ ಗಾಯಗಳು ಮೂಡಿದವೆಂದೂ ಚರಿತ್ರೆಗಳು ಹೇಳುತ್ತವೆ. ಇದರ ಬಗೆಯನ್ನು ವಿಚಾರಿಸುವುದು ಇಲ್ಲಿ ಬೇಡ. ಆತನು ಅವುಗಳನ್ನು ಬಟ್ಟೆಯಿಂದ ಮುಚ್ಚಿ ಬದುಕಿರುವವರೆಗೂ ಮರೆಸುತ್ತಿದ್ದನೆಂಬುದು ಆತನ ಸ್ವಭಾವಕ್ಕೆ ತಕ್ಕುದಾಗಿದೆ. ಬೆಟ್ಟದಿಂದ ಇಳಿದವನಲ್ಲಿ ಕಹಿಯು ಉಳಿದಿರಲಿಲ್ಲ.

ಶರೀರವಾದರೋ ಕುಸಿಯುತ್ತ ಬಂತು. ಹೊಟ್ಟೆ, ಗುಲ್ಮ, ಕಣ್ಣು, ಎಲ್ಲವೂ ಕೆಟ್ಟಿದ್ದವು. 1225ರಲ್ಲಿ ಕ್ಲಾರಾಳ ಆಶ್ರಮದ ಪಕ್ಕದ ಚಾಪೆಯ ಗುಡಿಸಿಲಿನಲ್ಲಿ ಐವತ್ತು ದಿನಗಳಿಗೂ ಹೆಚ್ಚು ಕಾಲ ಕತ್ತಲೆಯಲ್ಲಿ ಮಲಗಿದ್ದನು. ಹಗಲಲ್ಲಿ ಸೂರ್ಯನ ಬೆಳಕನ್ನೂ ರಾತ್ರಿಯಲ್ಲಿ ಬೆಂಕಿಯ ಬೆಳಕನ್ನೂ ಕಣ್ಣು ತಾಳುತ್ತಿರಲಿಲ್ಲ. ಇಲಿಗಳು ಮೈಮೇಲೆ ಓಡಾಡಿ ನಿದ್ರೆಗೊಡುತ್ತಿರಲಿಲ್ಲ, ಊಟದ ವೇಳೆಯಲ್ಲೂ ಕಾಡುತ್ತಿದ್ದವು. ಒಂದು ರಾತ್ರಿ ಆತನಿಗೆ ತನ್ನ ಮೇಲೆಯೇ ಮರುಕ ಬಂದು, ಸಹಿಸುವ ಶಕ್ತಿಗಾಗಿ ದೇವರನ್ನು ಬೇಡಿದನು. ಈ ರೋಗಗಳಿಗೆ ಬದಲಾಗಿ, ಭೂಮಿಯೆಲ್ಲ ಚಿನ್ನವಾದರೂ ಅದಕ್ಕಿಂತ ಮಿಗಿಲಾದ ನಿಧಿಯು ದೊರೆಯುವುದಾದರೆ ಸಂತೋಷಪಡಲಾರೆಯಾ ಎಂದು ಅಂತರಂಗದಲ್ಲಿ ಉತ್ತರ ಬಂತಂತೆ. ಬೆಳಗಾಗಲು ಎದ್ದು ಕುಳಿತು, ತನ್ನ ಊರಿನ ಆಡುಮಾತಿನಲ್ಲಿ, ಸೃಷ್ಟಿಯ ಮೂಲಕ ದೇವರನ್ನು ಸ್ತುತಿಸುವ ಗೀತವನ್ನು ರಚಿಸಿದನು. ಇಟಾಲಿಯನ್ ಭಾಷೆಯ ಅತ್ಯಂತ ಪ್ರಾಚೀನ ಕವಿತೆಗಳಲ್ಲಿ ಅದೂ ಒಂದು. ಸೂರ್ಯನನ್ನು ನೋಡಲಾರದವನು ಅದರಲ್ಲಿ ಮೊಟ್ಟಮೊದಲು ಸೋದರನೆಂದು ಕೊಂಡಾಡಿದ್ದು ಸೂರ್ಯನನ್ನು.

ಔಷಧಕ್ಕೆ ಆತನು ಮೊದಲು ಒಪ್ಪಿರಲಿಲ್ಲ. ಎಲಿಯಾಸನು ಹಿರಿಯನಾಗಿ ಆಜ್ಞಾಪಿಸಿದನು. ಸಂಘದ ರಕ್ಷಕನಾಗಿದ್ದ ಕಾರ್ಡಿನಲ್ ಉಗೊಲಿನೊ ಸಹ ಒತ್ತಾಯಪಡಿಸಿದನು. ವಿಧೇಯತೆಯ ವ್ರತವಿದ್ದುದರಿಂದ ಒಪ್ಪಿಕೊಂಡನು. ರಿಯೆತಿ ಕಣಿವೆಯ ಫೊಂತೆ ಕೊಲಂಬೊ ಆಶ್ರಮಕ್ಕೆ ವೈದ್ಯನು ಬಂದನು. ಕಬ್ಬಿಣವನ್ನು ಕೆಂಪಗೆ ಕಾಯಿಸಿ, ದವಡೆಯಿಂದ ಹುಬ್ಬಿನವರೆಗೆ ಬರೆಯೆಳೆಯುವುದು ಅಂದಿನ ಚಿಕಿತ್ಸೆ. ಬೆಂಕಿಯಲ್ಲಿ ಕಬ್ಬಿಣ ಕಾಯುತ್ತಿದ್ದುದನ್ನು ನೋಡಿ ಫ್ರಾನ್ಸಿಸನ ಮನಸ್ಸು ಒಂದು ಗಳಿಗೆ ಅಳುಕಿತು. ಆತನು ಬೆಂಕಿಯನ್ನೇ ಸೋದರನೆಂದು ಕರೆದು, ತಾನು ಹಿಂದಿನಿಂದಲೂ ಅದನ್ನು ಪ್ರೀತಿಸಿದವನಾದುದರಿಂದ ಈಗ ತನ್ನೊಡನೆ ಸೌಮ್ಯವಾಗಿರಬೇಕೆಂದು ಬೇಡಿಕೊಂಡನು. ಸಂಗಡಿಗರು ನೋಡಲಾರದೆ ಹೊರಗೋಡಿದರು. ಹಿಂದಿರುಗಿ ಬಂದಾಗ, ತನಗೆ ನೋವು ತಿಳಿಯಲಿಲ್ಲ, ಇನ್ನೂ ಸುಡಬೇಕಾಗಿದ್ದರೆ ಸುಡಲಿ ಎಂದನು. ಮತ್ತೊಬ್ಬ ವೈದ್ಯನು ಕಿವಿಗಳನ್ನು ಕಾದ ಕಬ್ಬಿಣದಿಂದ ಚುಚ್ಚಿದನು. ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಫಲವಿಲ್ಲದ ಚಿಕಿತ್ಸೆಯ ನೋವನ್ನು ಚಿಕಿತ್ಸೆ ಮಾಡಿದವರ ಮೇಲೆ ಮುನಿಯದೆ ಸಹಿಸುವುದು ಉಪವಾಸಕ್ಕಿಂತ ಸುಲಭವೆಂದು ಯಾರು ಹೇಳಬಲ್ಲರು?

1226ರ ಬೇಸಗೆಯ ಹೊತ್ತಿಗೆ ಆತನನ್ನು ಅಸ್ಸಿಸಿಯ ಬಿಷಪ್ಪನ ಮನೆಯಲ್ಲಿರಿಸಿ ಆರೈಕೆ ಮಾಡುತ್ತಿದ್ದರು. ಅದಕ್ಕೆ ಹಿಂದೆಯೇ, ಬಿಷಪ್ಪನಿಗೂ ಊರಿನ ಮುಖ್ಯಾಧಿಕಾರಿಗೂ ಹುಟ್ಟಿದ್ದ ಹಗೆಯನ್ನು ಕಂಡು ನೊಂದು, ತನ್ನ ಗೀತಕ್ಕೆ ಕ್ಷಮಿಸುವವರನ್ನೂ ರೋಗಕಷ್ಟಗಳನ್ನು ಶಾಂತಿಯಿಂದ ತಾಳುವವರನ್ನೂ ಹೊಗಳುವ ಒಂದು ನುಡಿಯನ್ನು ಸೇರಿಸಿದ್ದನು. ಇಬ್ಬರ ಮುಂದೆ ಅದನ್ನು ಹಾಡಿಸಲು ಅವರು ಹಗೆಯನ್ನು ಬಿಟ್ಟು ಅಪ್ಪಿಕೊಂಡರು. ಈಗ ವೈದ್ಯನಿಂದ ತನ್ನ ಅವಧಿಯನ್ನು ಕೇಳಿ ತಿಳಿದು, ಮರಣವನ್ನು ಸೋದರಿಯೆಂದು ಸ್ವಾಗತಿಸುವ ಕಡೆಯ ನುಡಿಯನ್ನೂ ಕೂಡಿಸಿದನು. ಹಗಲಿರುಳೂ ಅದನ್ನು ಹಾಡಿಸಿ ಕೇಳುತ್ತಿದ್ದನು. ಸಾಯುವವನು ಹೀಗೆ ಹಾಡಿಸಿದರೆ ಊರಿನವರು ಏನೆಂದಾರೆಂದು ಎಲಿಯಾಸನಿಗೆ ಚಿಂತೆಯಾಯಿತು. ಫ್ರಾನ್ಸಿಸನು ಹಾಡನ್ನು ನಿಲ್ಲಿಸಲಿಲ್ಲ.

ಜೀವಮಾನವೆಲ್ಲ ತನ್ನ ಶರೀರವನ್ನು ಕತ್ತೆಯೆಂದು ಕರೆದು ದುಡಿಸಿದವನು, ಕಡೆಗಾಲದಲ್ಲಿ ಸೋದರನೊಬ್ಬನ ಮಾತಿನಿಂದ ಅದು ತನಗೆ ಎಷ್ಟು ನಿಷ್ಠೆಯಿಂದ ದುಡಿದಿದೆಯೆಂಬುದನ್ನು ನೆನೆದು, ಆ ಶರೀರವನ್ನೇ ಸೋದರನೆಂದು ಸಂಬೋಧಿಸಿ ಕ್ಷಮೆ ಬೇಡಿದನು. ತನ್ನ ಒಡಂಬಡಿಕೆಯನ್ನೂ ಬರೆಯಿಸಿದನು: ರೋಮಿನಿಂದ ವಿಶೇಷ ಹಕ್ಕುಗಳನ್ನು ಬೇಡಬಾರದು, ನಿಯಮಕ್ಕೆ ವ್ಯಾಖ್ಯಾನಗಳನ್ನು ಹಚ್ಚಿ ಸಡಿಲಿಸಬಾರದು. ಕಾರ್ಡಿನಲ್ ಉಗೊಲಿನೊ ಮುಂದೆ ಒಂಬತ್ತನೆಯ ಗ್ರೆಗೊರಿ ಎಂಬ ಹೆಸರಿನಿಂದ ಪೋಪನಾದನು. 1228ರಲ್ಲಿ ಫ್ರಾನ್ಸಿಸನನ್ನು ಸಂತನೆಂದು ಘೋಷಿಸಿದವನೂ, 1230ರಲ್ಲಿ ಆ ಒಡಂಬಡಿಕೆಯು ಸೋದರರನ್ನು ಕಟ್ಟುವುದಿಲ್ಲವೆಂದು ತೀರ್ಪಿತ್ತವನೂ ಆತನೇ.

ಕೊನೆಯ ದಿನಗಳಲ್ಲಿ ಪೊರ್ಸಿಯುಂಕುಲಾಕ್ಕೆ ತನ್ನನ್ನು ಒಯ್ಯುವಂತೆ ಕೇಳಿಕೊಂಡನು. ದಾರಿಯಲ್ಲಿ ಮಂಚವನ್ನು ಇಳಿಸಲು ಹೇಳಿ, ಕಣ್ಣಿಗೆ ಕಾಣದ ಅಸ್ಸಿಸಿಯ ಕಡೆಗೆ ಮುಖ ತಿರುಗಿಸಿ ಊರನ್ನು ಹರಸಿದನು. ಅಲ್ಲಿ ತಲುಪಿದ ಮೇಲೆ ಬಟ್ಟೆಗಳನ್ನು ಕಳಚಿಸಿ ತನ್ನನ್ನು ಬರಿಯ ನೆಲದ ಮೇಲೆ ಮಲಗಿಸುವಂತೆ ಬೇಡಿದನು. ಬಿಷಪ್ಪನ ಮುಂದೆ ದಿಗಂಬರನಾಗಿ ನಿಂತು ಇಪ್ಪತ್ತು ವರ್ಷಗಳಾಗಿದ್ದವು. ಆಶ್ರಮದ ಹಿರಿಯನು ಆತನ ಇಂಗಿತವನ್ನರಿತು ಒಂದು ಅಂಗಿಯನ್ನು ತಂದು, ಇದು ನಿನ್ನದಲ್ಲ, ಎರವಲು ಕೊಟ್ಟದ್ದು, ಇದನ್ನು ಯಾರಿಗೂ ದಾನ ಮಾಡುವ ಅಧಿಕಾರವೂ ನಿನಗಿಲ್ಲ ಎಂದು ಹೇಳಿ ಹೊದಿಸಿದನು. ಸಾಯುವಾಗಲೂ ತನ್ನದೆಂಬುದು ಏನೂ ಇಲ್ಲವೆಂದು ಫ್ರಾನ್ಸಿಸನಿಗೆ ಹರ್ಷವಾಯಿತು. ರೋಮಿನ ಯಾಕೊಪಾ ಎಂಬ ಹಿರಿಯ ಗೃಹಿಣಿಯು, ಹಿಂದೆ ಆತನು ಮೆಚ್ಚಿದ್ದ ಬಾದಾಮಿಯ ಸಿಹಿಯನ್ನು ತಂದಿದ್ದಳು. ಸ್ವಲ್ಪ ರುಚಿ ನೋಡಿದನು, ಹೆಚ್ಚು ತಿನ್ನಲಾಗಲಿಲ್ಲ. ರೊಟ್ಟಿಯನ್ನು ತರಿಸಿ ಹರಸಿ ಮುರಿದು ಎಲ್ಲ ಸೋದರರಿಗೂ ಕೊಟ್ಟನು. 1226ರ ಅಕ್ಟೋಬರ್ 3ರ ಶನಿವಾರ ಸಂಜೆ ಪ್ರಾಣ ಬಿಟ್ಟನು. ಬೆಳಕನ್ನು ಪ್ರೀತಿಸುವ ಬಾನಾಡಿ ಹಕ್ಕಿಗಳು ಆ ಮುಸ್ಸಂಜೆಯಲ್ಲಿ ಮನೆಯ ಮಾಡಿನ ಮೇಲೆ ಸುತ್ತುತ್ತ ಹಾಡಿದವೆಂದು ಸಂಗಡಿಗರು ನೆನೆದಿದ್ದಾರೆ.

ಮರುದಿನ ಬೆಳಗ್ಗೆ ಶರೀರವನ್ನು ಊರಿನ ಸಾನ್ ಜೊರ್ಜಿಯೊ ದೇವಾಲಯಕ್ಕೆ ಒಯ್ಯುವಾಗ ಮೆರವಣಿಗೆಯು ಸಾನ್ ದಾಮಿಯಾನೊದ ದಾರಿಯನ್ನು ಹಿಡಿಯಿತು. ಕ್ಲಾರಾ ಆಗ ತಾನೂ ಕಾ​ಯಿಲೆಯಲ್ಲಿದ್ದಳು. ಬಹುವರ್ಷ ಹಾಸಿಗೆ ಹಿಡಿದೇ ಇದ್ದು 1253ರವರೆಗೆ ಬದುಕಿದಳು. ಸನ್ಯಾಸಿನಿಯರು ಪ್ರಸಾದವನ್ನು ಸ್ವೀಕರಿಸುತ್ತಿದ್ದ ಚಿಕ್ಕ ಕಿಟಕಿಯನ್ನು ತೆರೆದು, ಅವರೆಲ್ಲರೂ ನೋಡಿ ಅತ್ತು ಮುಗಿಸುವವರೆಗೆ ಹೊತ್ತವರು ಅಲ್ಲಿ ನಿಂತರು. ಬಳಿಕ ಕಿಟಕಿಯನ್ನು ಮುಚ್ಚಿ, ಬೆಟ್ಟದ ಏರಿನಲ್ಲಿ ಊರ ಕಡೆಗೆ ನಡೆದರು.